ಅಪ್ಪನ ಬಲಗೈ

ನಮ್ಮಪ್ಪನ ಬಲಗೈ ಎಡಗೈಗಿಂತ ಕಪ್ಪು. ಲಾರಿ ಬಿಟ್ಟು ಹದಿನೈದು ವರ್ಷದ ಮೇಲಾಯ್ತು, ಬಣ್ಣ ಒಸಿ ತಿಳಿಯಾಗಿದೆ. ಆದ್ರೂ ಎರಡು ಕೈ ಪಕ್ಕಪಕ್ಕ ಇಟ್ರೆ ಬೇರೆ ಬೇರೆಯವರ ಕೈ ಇದ್ದ ಹಾಗೆ ಕಾಣುತ್ತೆ. ಚಿಕ್ಕವಳಿದ್ದಾಗ ನಾನು ಕೇಳಿದ್ದೆ, "ಅಪ್ಪ, ಈ ಕೈ ಯಾಕ ಹಿಂಗದ?" ಅಂತ. ಅಪ್ಪ ನಕ್ಕು ಸುಮ್ಮನಾದ. ಅವ್ವ ಒಲೆ ಮುಂದೆ ಕೂತಿದ್ದವಳು, "ಆ ಕೈ ನಿಮ್ಮಪ್ಪಂದಲ್ಲ ಕನ ಕೂಸು, ರೋಡಿಂದು" ಅಂದಳು. ಆಗ ನನಗೆ ಅರ್ಥ ಆಗಲಿಲ್ಲ. ಹೋದ ತಿಂಗಳು ಆಯ್ತು.

ಹೋದ ತಿಂಗಳು ಮೈಸೂರಿಂದ ಗುಂಡ್ಲುಪೇಟೆಗೆ ವಾಪಸ್ ಬರ್ತಿದ್ವಿ. ಮಗ ಹೊಸದಾಗಿ ಲೈಸೆನ್ಸ್ ಮಾಡಿಸಿದ್ದ, ಕಾರು ಅವನೇ ಓಡಿಸ್ತಿದ್ದ. ಪಕ್ಕದ ಸೀಟಲ್ಲಿ ಅಪ್ಪ, ಹಿಂದೆ ನಾನು, ಅವ್ವ. ಬೇಗೂರು ದಾಟಿದ ಮೇಲೆ ಮುಂದೆ ಜಲ್ಲಿ ತುಂಬಿದ ಒಂದು ಟಿಪ್ಪರ್ ಸಿಕ್ತು. ಸುಮಾರು ದೂರ ಅದರ ಹಿಂದೆಯೇ ಬಂದ್ವಿ. ಆಮೇಲೆ ಟಿಪ್ಪರಿನ ಬಲಗಡೆ ಇಂಡಿಕೇಟರ್ ಹತ್ತಿಕೊಂಡಿತು. ಮಗ, "ಸೈಡ್ ಕೊಟ್ಟ ತಾತ" ಅಂದವನೇ ಕಾರನ್ನ ಬಲಕ್ಕೆ ತಗೊಂಡ. "ತಡಿಲಾ, ತಡಿ ತಡಿ!" ಅಂತ ಅಪ್ಪ ಕೂಗಿದ್ದೂ, ಟಿಪ್ಪರ್ ಬಲಕ್ಕೆ ತಿರುಗಿದ್ದೂ ಒಟ್ಟೊಟ್ಟಿಗೇ ಆಯ್ತು. ಅಲ್ಲೊಂದು ಮಣ್ಣು ದಾರಿ ಇತ್ತು. ನಮಗೆ ಕಂಡಿರಲಿಲ್ಲ. ಮಗ ಬ್ರೇಕ್ ಒತ್ತಿದ, ಕಾರು ನಿಂತಿತು. ನಮ್ಮ ಗಾಜಿಗೂ ಟಿಪ್ಪರಿನ ಚಕ್ರಕ್ಕೂ ನಡುವೆ ಒಂದು ಮಂಚ ಹಾಕೋವಷ್ಟು ಜಾಗ ಇತ್ತು ಅಷ್ಟೆ.

ಟಿಪ್ಪರಿನವನು ಬೈಲಿಲ್ಲ. ತಿರುಗಿ ನೋಡಿದ, ಹೋದ. ಅಪ್ಪ ಒಸಿ ಹೊತ್ತು ಬಿಟ್ಟು, "ಅವಂದೇನೂ ತಪ್ಪಿಲ್ಲ ಕನ ಮಗ. ಅಂವ ತಿರುಗ್ತೀನಿ ಅಂದ, ನೀನು ಬಾ ಅಂದ ಅಂತ ತಿಳ್ಕಂಡೆ" ಅಂದ. ಮಗನ ಕೈ ನಡುಗ್ತಿತ್ತು. "ಊಟಿ ರೋಡಲ್ಲಿ ಎಲ್ಲಾ ಲಾರಿಯವ್ರೂ ಹಂಗೇ ಮಾಡ್ತಾರೆ ತಾತ. ಬಲಗಡೆ ಲೈಟ್ ಹಾಕಿದ್ರೆ ಹೋಗು ಅಂತ ಅಂದ್ಕಂಡಿದ್ದೆ" ಅಂದ. ಅವನ ಮಾತೂ ಸುಳ್ಳಲ್ಲ.

ಒಂದೇ ಲೈಟಿಗೆ ಎರಡು ಮಾತು ಬಂದಿದ್ದು ಯಾವಾಗ? ಅವತ್ತಿಂದ ಇದೇ ತಲೇಲಿ ಕೂತಿದೆ. ಅಪ್ಪನ್ನ ಕೇಳಿದೆ, ಕಾಯಿದೆ ಪುಸ್ತಕ ತೆಗೆದು ನೋಡಿದೆ. ನಮ್ಮ ರೋಡಲ್ಲಿ ಜನ ಒಬ್ಬರಿಗೊಬ್ಬರು ದಾರಿ ಕೊಟ್ಟುಕೊಂಡು ಬಂದ ಕತೆಯನ್ನ ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೀತಿದ್ದೀನಿ.

ನಮ್ಮ ತಾತನ ಕಾಲದಲ್ಲಿ ಗುಂಡ್ಲುಪೇಟೆ ಇನ್ನೂ ಮೈಸೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರ ಜಿಲ್ಲೆ ಆಗಿದ್ದು 1997ರಲ್ಲಿ. ತಾತನಿಗೆ ಎತ್ತಿನ ಗಾಡಿ ಇತ್ತು. ಸಂತೆ ಹಿಂದಿನ ರಾತ್ರಿ ಗಾಡಿ ಕಟ್ಟಿ, ಅಚ್ಚಿನ ಕೆಳಗೆ ಲಾಟೀನು ನೇತುಹಾಕಿ ಹೊರಡೋರು. ಹಳ್ಳಿಯಿಂದ ಐದಾರು ಗಾಡಿ ಸಾಲಾಗಿ ಹೋಗೋವು. ಮುಂದಿನ ಗಾಡಿಯವನು ಎದ್ದಿದ್ರೆ ಸಾಕು, ಮಿಕ್ಕೋರು ಮಲಗೋರು. ಎತ್ತುಗಳಿಗೆ ದಾರಿ ಗೊತ್ತು. ಆದ್ರೆ ಎಡಬದಿ ಬಲಬದಿ ಅನ್ನೋದು ಗೊತ್ತಿಲ್ಲವಲ್ಲ, ಟಾರಿನ ನಡುಮಧ್ಯ ನಡೆಯೋವು.

ಅಪ್ಪ ಹದಿನಾರನೇ ವಯಸ್ಸಿಗೆ ಲಾರಿಗೆ ಕ್ಲೀನರ್ ಆಗಿ ಸೇರಿದ. ಟಾಟಾದವರು ಜರ್ಮನಿಯ ಬೆಂಜ್ ಕಂಪನಿ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡೋಕೆ ಶುರು ಮಾಡಿದ್ದು 1954ರಲ್ಲಿ. ಅಪ್ಪ ಹತ್ತಿದ್ದು ಅಂಥದ್ದೇ ಮೂತಿ ಉದ್ದದ ಒಂದು ಹಳೇ ಲಾರಿ. ರಾತ್ರಿ ಹೊತ್ತು ಮುಂದೆ ಲಾಟೀನು ತೂಗಾಡ್ತಿದ್ರೆ ಡ್ರೈವರ್ ಹಾರ್ನ್ ಹೊಡೀತಿರಲಿಲ್ಲವಂತೆ. ಹೊಡೆದ್ರೆ ಎತ್ತು ಬೆದರಿ ಗಾಡಿ ಹಳ್ಳಕ್ಕೆ ಬೀಳ್ತದೆ. ಲಾರಿ ನಿಧಾನ ಮಾಡೋದು, ಕ್ಲೀನರ್ ಇಳಿದು ಓಡೋದು, ಮೂಗುದಾರ ಹಿಡಿದು ಎತ್ತುಗಳನ್ನ ಎಡಕ್ಕೆ ಎಳೆಯೋದು, ಲಾರಿ ಮೆಲ್ಲಗೆ ದಾಟೋದು, ಆಮೇಲೆ ಕ್ಲೀನರ್ ಓಡಿ ಹತ್ತಿಕೊಳ್ಳೋದು. ಗಾಡಿಯೊಳಗೆ ಮಲಗಿದ್ದವನಿಗೆ ಎಚ್ಚರವೇ ಆಗ್ತಿರಲಿಲ್ಲ.

"ಒಂದ್ಸಲ ಹಂಗೇ ಇಳ್ದು ಮೂಗುದಾರ ಹಿಡದೆ. ಎತ್ತು ನನ್ನ ಕೈ ನೆಕ್ತು. ನೋಡಿದ್ರ ನಮ್ಮ ಎತ್ತು! ಗಾಡಿವೊಳಗ ನಮ್ಮಯ್ಯ ಗೊರಕ ಹೊಡೀತಾವ್ನ. ಎಬ್ಬುಸ್ನಿಲ್ಲ. ಎಡಕ್ಕ ಬುಟ್ಟು ಓಡೋದೆ" ಅಂತ ಅಪ್ಪ ಹೇಳ್ತಾನೆ. ತಾತನಿಗೆ ಇದನ್ನ ಯಾವತ್ತೂ ಹೇಳಲಿಲ್ಲವಂತೆ, ಮಗನ ಎದುರು ನಾಚಿಕೊಂಡಾನು ಅಂತ.

ಇನ್ನು ಕೈ ವಿಷಯ. 1939ರ ಮೋಟಾರು ವಾಹನ ಕಾಯಿದೆಯ ಕೊನೇಲಿ ಡ್ರೈವರ್ ಕೊಡಬೇಕಾದ ಕೈಸನ್ನೆಗಳ ಒಂದು ಪಟ್ಟಿ ಇತ್ತು. ಬಲಕ್ಕೆ ತಿರುಗೋಕೆ ಒಂದು, ಎಡಕ್ಕೆ ಒಂದು, ನಿಧಾನ ಮಾಡೋಕೆ ಒಂದು, ನಿಲ್ಲಿಸೋಕೆ ಒಂದು. ಅದರ ಜೊತೆಗೆ ಇನ್ನೊಂದು: ಹಿಂದಿನ ಗಾಡಿ ತನ್ನನ್ನ ದಾಟಿ ಹೋಗಲಿ ಅಂತ ಇದ್ರೆ ಬಲಗೈಯನ್ನ ನೇರ ಹೊರಗೆ ಚಾಚಿ, ಹಿಂದಿಂದ ಮುಂದಕ್ಕೆ ಅರ್ಧ ವೃತ್ತದ ಹಾಗೆ ಬೀಸಬೇಕು. ಬಲಕ್ಕೆ ತಿರುಗೋಕೆ ಕೈ ನೆಟ್ಟಗೆ ಚಾಚಿ ಅಂಗೈ ಮುಂದಕ್ಕೆ ಮಾಡಿ ಹಿಡಿಯೋದು. ದಾಟು ಅನ್ನೋಕೆ ಕೈ ಬೀಸೋದು. ನಿಂತ ಕೈ ಬೇರೆ, ಬೀಸೋ ಕೈ ಬೇರೆ. ಓದು ಬಾರದವನೂ ಒಂದನ್ನ ಇನ್ನೊಂದು ಅಂತ ತಪ್ಪು ತಿಳಿಯೋ ಹಾಗಿರಲಿಲ್ಲ. ಅಪ್ಪನ ಬಲಗೈ ಕಪ್ಪಾಗಿದ್ದು ಹೀಗೆ ದಿನವಿಡೀ ಬಿಸಿಲಲ್ಲಿ ಹೊರಗಿದ್ದು.

ಹಿಂದಿನವನಿಗೆ ಕಾಣೋದು ಲಾರಿಯ ಬೆನ್ನು ಮಾತ್ರ. ತಿರುವು, ಎದುರು ಬರೋ ಬಸ್ಸು, ದಾಟ್ತಿರೋ ದನ ಎಲ್ಲಾ ಕಾಣೋದು ಮುಂದಿನವನಿಗೆ. ಕಾಣೋನು ಕಾಣದೋನಿಗೆ ತನ್ನ ಕಣ್ಣು ಒಸಿ ಹೊತ್ತು ಎರವಲು ಕೊಡ್ತಾನೆ. ಇಬ್ಬರಿಗೂ ಪರಿಚಯ ಇಲ್ಲ, ಮುಖ ನೋಡಿಲ್ಲ. ಒಬ್ಬ ಕಲ್ಲಿಕೋಟೆಯವನು, ಒಬ್ಬ ಈರೋಡಿನವನು, ಒಬ್ಬ ತೆರಕಣಾಂಬಿಯವನು. ಭಾಷೆ ಬೇರೆ, ಕೈ ಒಂದೇ.

ಎಡಗಡೆಯ ಕಣ್ಣು ಕ್ಲೀನರ್‌ದು. ಎಡಗಡೆ ಕನ್ನಡಿ ಇಲ್ಲದ ಲಾರಿಗಳೇ ಜಾಸ್ತಿ. ಬಾಗಿಲಿಂದ ಬಗ್ಗಿ ಹಿಂದೆ ನೋಡಿ ಹೇಳೋನು ಅವನು. ಬಾಡಿಗೆ ಒಂದು ಏಟು ಹೊಡೆದ್ರೆ ನಿಲ್ಲಿಸು, ಎರಡು ಹೊಡೆದ್ರೆ ರೈಟ್, ಹೋಗು. ಹಿಂದೆ ಕಾರು ಕಾಯ್ತಿದ್ರೆ, "ಚಿಕ್ಕಗಾಡಿ ಅದ, ಸೈಡ್ ಕೊಡಣ್ಣ" ಅನ್ನೋದೂ ಅವನ ಕೆಲಸ. ಈಗ ಬಹಳ ಲಾರಿಗಳಲ್ಲಿ ಡ್ರೈವರ್ ಒಬ್ಬನೇ. ಕನ್ನಡಿ ಬಂದಿದೆ ನಿಜ, ಆದ್ರೆ "ಕೊಡಣ್ಣ" ಅನ್ನೋನು ಇಲ್ಲ.

ಬೆಟ್ಟದಲ್ಲಿ ಬೇರೆ ಮರ್ಯಾದೆ. ಅಪ್ಪ ಅರಿಸಿನ ತುಂಬಿಕೊಂಡು ಚಾಮರಾಜನಗರದ ಮೇಲೆ ಈರೋಡಿಗೆ ಹೋಗೋನು, ದಿಂಬಂ ಘಾಟಿ ಇಳಿದು. ಅಲ್ಲಿ 27 ಕಡಿದಾದ ತಿರುವು. ತರಕಾರಿ ತುಂಬಿದ್ರೆ ಸುಲ್ತಾನ್ ಬತ್ತೇರಿ ಮೇಲೆ ಕಲ್ಲಿಕೋಟೆಗೆ, ತಾಮರಶ್ಶೇರಿ ಘಾಟಿಯ 9 ತಿರುವು ಇಳಿದು. ಹತ್ತೋ ಗಾಡಿಗೆ ಇಳಿಯೋ ಗಾಡಿ ದಾರಿ ಬಿಡಬೇಕು. ಲೋಡ್ ಲಾರಿ ಒಂದ್ಸಲ ತಿರುವಲ್ಲಿ ನಿಂತುಬಿಟ್ರೆ ಮತ್ತೆ ಏಳೋದು ಕಷ್ಟ. ಹಿಂದಕ್ಕೆ ಜಾರದ ಹಾಗೆ ಕ್ಲೀನರ್ ಚಕ್ರದ ಕೆಳಗೆ ಮರದ ತುಂಡು ಕೊಡಬೇಕು. ಇಳಿಯೋನಿಗೆ ನಿಲ್ಲೋದು ಸುಲಭ, ಹತ್ತೋನಿಗೆ ಅಲ್ಲ. ಆ ಕಾರಣಕ್ಕೇ ಸುಲಭ ಇದ್ದವನು ಕಾಯಬೇಕು. 2017ರ ಚಾಲನಾ ನಿಯಮಾವಳಿಯಲ್ಲೂ ಇದೇ ಮಾತಿದೆ: ಇಬ್ಬರಿಗೂ ಸಾಲುವಷ್ಟು ಅಗಲ ಇಲ್ಲದ ಕಡಿದಾದ ರಸ್ತೇಲಿ ಹತ್ತೋ ಗಾಡಿಗೆ ಮೊದಲು. ಇನ್ನೊಂದು ಮಾತು ಅಪ್ಪಂದು: "ಸೈಡ್ ಕೊಟ್ಟಮ್ಯಾಕ ಜೋರು ಮಾಡ್ಬಾರ್ದು." ದಾಟ್ತಿರೋ ಗಾಡಿ ಪಕ್ಕದಲ್ಲಿ ಇರೋವಾಗ ಸ್ಪೀಡು ಏರಿಸಬಾರದು ಅನ್ನೋದು 1989ರ ರಸ್ತೆ ನಿಯಮಗಳಲ್ಲೂ ಇತ್ತು.

ಕೆಟ್ಟು ನಿಂತ ಲಾರಿಗೂ ಒಂದು ರಿವಾಜು. ಹಿಂದೆ ದೂರದಲ್ಲಿ ಸೊಪ್ಪಿನ ಕೊಂಬೆ ಹಾಕೋದು, ಸುತ್ತ ಕಲ್ಲು ಇಡೋದು. ಹಗಲು ಕೊಂಬೆ ನೋಡಿದ್ರೇ ಗೊತ್ತಾಗ್ತದೆ, ಮುಂದೆ ಗಾಡಿ ನಿಂತದೆ ಅಂತ. ಇದರಲ್ಲಿ ನಮ್ಮ ಲಾರಿಯವರದೂ ಒಂದು ತಪ್ಪಿದೆ, ಮುಚ್ಚಿಡೋದ್ಯಾಕೆ. ರಿಪೇರಿ ಆದ ಮೇಲೆ ಗಾಡಿ ಹೋಗ್ತದೆ, ಕಲ್ಲು ಅಲ್ಲೇ ಇರ್ತದೆ. ರಾತ್ರಿ ಬೈಕಿನವನು ಅದರ ಮೇಲೆ ಹತ್ತಿ ಬೀಳ್ತಾನೆ. ನನ್ನ ಮದುವೆಗೆ ಮುಂಚೆ ನಮ್ಮ ಸೋದರಮಾವ ಹಾಗೇ ಬಿದ್ದು ಎರಡು ತಿಂಗಳು ಮಲಗಿದ್ದ. ಅವತ್ತಿಂದ ಅಪ್ಪ ದಾರೀಲಿ ಯಾರೋ ಬಿಟ್ಟು ಹೋದ ಕಲ್ಲು ಕಂಡ್ರೆ ಲಾರಿ ನಿಲ್ಲಿಸಿ ಎತ್ತಿ ಹಾಕೋನು. ಹೊತ್ತಾಗ್ತದೆ ಅಂತ ಮಾಲೀಕ ಬೈದ್ರೂ ಬಿಡಲಿಲ್ಲ.

ಈಗ ಲೈಟಿಗೆ ಬರೋಣ. ಇಂಡಿಕೇಟರ್ ಬಂದ ಮೇಲೆ ಕೈ ಒಳಗೆ ಹೋಯ್ತು. 1988ರ ಮೋಟಾರು ವಾಹನ ಕಾಯಿದೆಯನ್ನ ಓದಿದಾಗ ನನಗೊಂದು ವಿಚಿತ್ರ ಕಂಡಿತು. ಕೈಸನ್ನೆ ಬದಲು ಯಂತ್ರದ ಅಥವಾ ಕರೆಂಟಿನ ಸಾಧನ ಬಳಸಬಹುದು ಅಂತ ಅದು ಹೇಳೋದು ಮೂರಕ್ಕೆ ಮಾತ್ರ: ಎಡಕ್ಕೆ ತಿರುಗೋಕೆ, ಬಲಕ್ಕೆ ತಿರುಗೋಕೆ, ನಿಲ್ಲೋಕೆ. "ದಾಟಿ ಹೋಗು" ಅನ್ನೋದಕ್ಕೆ ಅಲ್ಲಿ ಲೈಟೇ ಇಲ್ಲ. ಆ ಮಾತು 1989ರ ನಿಯಮದಲ್ಲೂ ಬೀಸೋ ಕೈಯಾಗಿಯೇ ಉಳೀತು. ಕೈ ಒಳಗೆ ಹೋದ ಮೇಲೆ ಆ ಮಾತಿಗೆ ಮನೆಯೇ ಇಲ್ಲದಂಗಾಯ್ತು. ಹೇಳೋ ಅಭ್ಯಾಸ ಮಾತ್ರ ಲಾರಿಯವರಿಗೆ ಹೋಗಲಿಲ್ಲ. ಅದಕ್ಕೇ ತಿರುಗೋ ಲೈಟನ್ನೇ ಎರವಲು ತಗೊಂಡ್ರು.

ಎರವಲು ತಗೊಂಡೋರು ಎಲ್ಲರೂ ಒಂದೇ ಥರ ತಗೊಳ್ಳಲಿಲ್ಲ ಅನ್ನೋದೇ ತೊಂದರೆ. ಕೆಲವರು ಬಲಗಡೆ ಲೈಟ್ ಹಾಕ್ತಾರೆ, "ನನ್ನ ಬಲಗಡೆಯಿಂದ ಹೋಗು" ಅಂತ. ಇನ್ನು ಕೆಲವರು ಎಡಗಡೆ ಹಾಕ್ತಾರೆ, "ನಾನು ಎಡಕ್ಕೆ ಸರಿದೆ, ನೀನು ಹೋಗು" ಅಂತ. ಇವರಿಗೆ ಬಲಗಡೆ ಲೈಟು ಅಂದ್ರೆ "ಎದುರು ಗಾಡಿ ಅದ, ಬರಬೇಡ" ಅಂತ. ಅಪ್ಪ ಕಲಿತದ್ದು ಎರಡನೇದು. ಕಾಯಿದೆ ಪ್ರಕಾರ ಬಲಗಡೆ ಲೈಟು ಅಂದ್ರೆ ತಿರುಗ್ತೀನಿ ಅಂತ ಮಾತ್ರ. ತಿರುಗೋಕೆ ರೋಡಿನ ನಡುವಿಗೆ ಬಂದ ಗಾಡಿಯನ್ನ ಎಡದಿಂದ ದಾಟಬಹುದು ಅಂತಲೂ 1989ರ ನಿಯಮ ಹೇಳ್ತಿತ್ತು. ಅಂದ್ರೆ ಒಂದೇ ಲೈಟು ಒಬ್ಬನಿಗೆ "ಬಲದಿಂದ ಹೋಗು", ಇನ್ನೊಬ್ಬನಿಗೆ "ಹೋಗಲೇಬೇಡ", ಪುಸ್ತಕಕ್ಕೆ "ನಾನು ಬಲಕ್ಕೆ ತಿರುಗ್ತೀನಿ". ಗುಂಡ್ಲುಪೇಟೆ ಅಂದ್ರೆ ಮೂರು ರಾಜ್ಯದ ಗಾಡಿ ಸೇರೋ ಜಾಗ. ನಮ್ಮ ರೋಡಲ್ಲಿ ಈ ಮೂರೂ ಮಾತು ಒಟ್ಟಿಗೆ ಓಡಾಡ್ತವೆ. ಬೇಗೂರಿನ ಹತ್ತಿರ ನಮ್ಮ ಮಗ ಸಿಕ್ಕಿಹಾಕಿಕೊಂಡಿದ್ದು ಈ ಗೊಂದಲದಲ್ಲೇ.

ಇದು ನಮ್ಮಲ್ಲಿ ಮಾತ್ರ ಅಲ್ಲ. ನಮ್ಮಕ್ಕನ ಮಗಳು ಇಂಗ್ಲೆಂಡಲ್ಲಿದ್ದಾಳೆ. ಹೋದ ಹೊಸದರಲ್ಲಿ ಎದುರಿನ ಕಾರಿನವನು ಹೆಡ್‌ಲೈಟ್ ಮಿಟುಕಿಸಿದ್ದಕ್ಕೆ ಇವಳು ಗಕ್ಕನೆ ನಿಂತುಬಿಟ್ಟಳಂತೆ. ನಮ್ಮಲ್ಲಿ ಮಿಟುಕಿಸಿದ್ರೆ "ನಾನು ಬರ್ತಾ ಇದ್ದೀನಿ, ನೀನು ನಿಲ್ಲು" ಅಂತ. ಅಲ್ಲಿ ಜನ ಮಿಟುಕಿಸೋದು "ನೀನು ಮೊದಲು ಹೋಗು" ಅಂತ. ಅಲ್ಲಿನ ಸರ್ಕಾರದ ಹೈವೇ ಕೋಡ್ ಪುಸ್ತಕ ಎರಡನ್ನೂ ಒಪ್ಪಲ್ಲ. ನಾನು ಇಲ್ಲಿದ್ದೀನಿ ಅಂತ ತಿಳಿಸೋಕೆ ಮಾತ್ರ ಲೈಟ್ ಮಿಟುಕಿಸಿ, ಬೇರೆ ಯಾವ ಮಾತಿಗೂ ಬಳಸಬೇಡಿ ಅನ್ನುತ್ತೆ.

ನಮ್ಮ ರೋಡಿನ ದೊಡ್ಡ ಕತೆ ಕಾಡಿನದು. ಗುಂಡ್ಲುಪೇಟೆಯಿಂದ ಎರಡು ಹೆದ್ದಾರಿ ಬಂಡೀಪುರದ ಕಾಡಿಗೆ ಇಳೀತವೆ. ಒಂದು ಮದ್ದೂರು, ಮೂಲೆಹೊಳೆ ಮೇಲೆ ಬತ್ತೇರಿಗೆ. ಮಂಡ್ಯ ಕಡೆ ಮದ್ದೂರಲ್ಲ, ನಮ್ಮ ಮದ್ದೂರು. ಹಿಂದೆ ಅದು 212ನೇ ನಂಬರು, ಈಗ 766. ಇನ್ನೊಂದು ಮೇಲುಕಾಮನಹಳ್ಳಿ, ಬಂಡೀಪುರದ ಮೇಲೆ ಗೂಡಲೂರು, ಊಟಿಗೆ. ಹಿಂದೆ 67, ಈಗ 181. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಸೇರಿದ ಕಾಡುಗಳಲ್ಲಿ ಬಂಡೀಪುರವೂ ಒಂದು. ಆದ್ರೆ ರೋಡು ಹಗಲು ರಾತ್ರಿ ತೆರೆದೇ ಇತ್ತು.

ಕಾಡೊಳಗೆ ಲಾರಿಯವರದು ಇನ್ನೊಂದು ಕೈ. ಎದುರಿಂದ ಬರೋನು ಕೈ ಹೊರಗೆ ಹಾಕಿ, ಅಂಗೈ ಕೆಳಗೆ ಮಾಡಿ, ಮಗು ತಟ್ಟಿ ಮಲಗಿಸೋ ಹಾಗೆ ಗಾಳಿ ತಟ್ಟಿದ್ರೆ ಮುಂದೆ ಆನೆ ಅದ ಅಂತ. ಆಗ ಲೈಟು ಡಿಮ್ ಮಾಡಬೇಕು, ಹಾರ್ನ್ ಮುಟ್ಟಬಾರದು, ಮುಂದಿನ ಗಾಡಿಗೆ ಅಂಟಿಕೊಂಡು ನಿಲ್ಲಬಾರದು. ಆನೆ ತಿರುಗಿ ಬಂದ್ರೆ ಅವನು ಹಿಂದಕ್ಕೆ ಬರೋಕೆ ಜಾಗ ಬೇಕು. ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಳಿಯೋ ಕಾಲ ಅದು, ಎದುರಿನವನ ಕಣ್ಣಿಗೆ ಹೊಡೆಯದೆ ಇರಲಿ ಅಂತ. ಅದು ಆನೆ ಕಣ್ಣಿಗೂ ಒಳ್ಳೇದಾಗಿತ್ತು ಅಂತ ಅಪ್ಪ ಹೇಳ್ತಾನೆ.

ಗಾಡಿ ಹೆಚ್ಚಾದವು, ಸ್ಪೀಡೂ ಹೆಚ್ಚಾಯ್ತು. ಬೆಳಿಗ್ಗೆ ರೋಡಲ್ಲಿ ಜಿಂಕೆ ಸತ್ತು ಬಿದ್ದಿರೋದು. 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ಎರಡೂ ರೋಡು ಮುಚ್ಚಿ ಆದೇಶ ಮಾಡಿದರು. ಒಂದು ವಾರದಲ್ಲಿ ಆದೇಶ ವಾಪಸ್ ಆಯ್ತು. ವಿಷಯ ಹೈಕೋರ್ಟಿಗೆ ಹೋಗಿ ಜುಲೈಯಲ್ಲಿ ಮತ್ತೆ ಗೇಟು ಬಿತ್ತು. 2010ರ ಮಾರ್ಚ್‌ನಲ್ಲಿ ಹೈಕೋರ್ಟ್ ಅದನ್ನೇ ಖಾಯಂ ಮಾಡಿತು. ಆಂಬುಲೆನ್ಸ್ ಮತ್ತೆ ಕೆಲವು ಸರ್ಕಾರಿ ಬಸ್ಸಿಗೆ ಮಾತ್ರ ಬಿಡುವು. ಮಿಕ್ಕೋರು ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿ ಸುತ್ತಿ ಹೋಗಬೇಕು.

ವಯನಾಡಿನವರಿಗೆ ಇದರಿಂದ ನೋವಾಯ್ತು. 2019ರಲ್ಲಿ ಬತ್ತೇರಿಯಲ್ಲಿ ದೊಡ್ಡ ಚಳವಳಿಯೇ ನಡೀತು. ಅವರ ಕಷ್ಟ ಸುಳ್ಳಲ್ಲ. ನಮ್ಮ ಮನೇಲೂ ಕಷ್ಟ ಆಯ್ತು. ರಾತ್ರಿ ತರಕಾರಿ ತುಂಬಿ ಬೆಳಕಾಗೋಷ್ಟರಲ್ಲಿ ಕಲ್ಲಿಕೋಟೆ ಮುಟ್ಟಿಸ್ತಿದ್ದ ಅಪ್ಪನಿಗೆ ಟ್ರಿಪ್ಪು ಕಮ್ಮಿಯಾದವು. ಮಾರನೇ ವರ್ಷ ಲಾರಿ ಬಿಟ್ಟ. ಗೇಟಿಗೆ ಬೈತಾನೆ ಅಂತ ನಾನು ಕಾದಿದ್ದೆ. ಅಪ್ಪ ಹೇಳಿದ್ದು ಇಷ್ಟೇ: "ನಲವತ್ತು ವರ್ಷ ನಾವು ಅವುಕ್ಕ ಸೈಡೇ ಕೊಡ್ನಿಲ್ಲ ಕನ ಕೂಸು. ಹಗಲೆಲ್ಲ ನಮ್ದೇ. ರಾತ್ರಿನಾರ ಅವು ದಾಟ್ಲಿ ಬುಡು."

ಗೇಟು ಬಿದ್ದ ಮೇಲೆ ಹೊಸ ಆತುರ ಒಂದು ಹುಟ್ಟಿತು. ಸಂಜೆ ಎಂಟು ಗಂಟೆ ಮೇಲೆ ಗುಂಡ್ಲುಪೇಟೆ ದಾಟೋ ಕಾರುಗಳನ್ನ ನೋಡಬೇಕು. ಒಂಬತ್ತರೊಳಗೆ ಚೆಕ್‌ಪೋಸ್ಟ್ ಮುಟ್ಟಬೇಕು ಅಂತ ಲಾರಿ ಹಿಂದೆ ಹಾರ್ನ್ ಒತ್ತಿಕೊಂಡು ಎಡಕ್ಕೂ ಬಲಕ್ಕೂ ಮೂಗು ತೂರಿಸ್ತಾರೆ. ಲಾರಿಯವನು ಲೈಟ್ ಹಾಕಿದ್ರೆ ಅದು ಯಾವ ಮಾತು ಅಂತ ಯೋಚನೆ ಮಾಡೋ ತಾಳ್ಮೆ ಇಲ್ಲ. ತಮಗೆ ಬೇಕಾದ ಅರ್ಥವನ್ನೇ ಓದಿಕೊಳ್ತಾರೆ. ಬೇಗೂರಿನ ಹತ್ತಿರ ನಾವು ಗೇಟಿಗೆ ಓಡ್ತಿರಲಿಲ್ಲ, ಆದ್ರೂ ಮಗ ಓದಿಕೊಂಡಿದ್ದು ತನಗೆ ಬೇಕಾದ ಅರ್ಥವನ್ನೇ.

ಅವತ್ತು ರಾತ್ರಿ ಮುದ್ದೆ ಉಂಡಾದ ಮೇಲೆ ಅಪ್ಪ ಮೊಮ್ಮಗನ್ನ ಜಗಲಿಗೆ ಕರೆದು ಕೂರಿಸಿಕೊಂಡ. ಬೈಲಿಲ್ಲ. ಬಲಗೈ ಚಾಚಿ ತೋರಿಸಿದ: ಇದು ತಿರುಗೋಕ, ಇದು ನಿಲ್ಲೋಕ, ಇದು ದಾಟು ಅನ್ನೋಕ. ಆಮೇಲೆ ಅಂದ, "ಕೈ ಬೀಸ್ಲಿ, ಲೈಟ್ ಹಾಕ್ಲಿ, ಅಂವ ದಾರಿ ಅದ ಅಂತ ಹೇಳ್ದ ಅಷ್ಟೇಯ. ಹೋಗೋದು ನೀನು. ನಿನ್ನ ಕಣ್ಗ ಎದುರು ರೋಡು ಕಾಣೋಗಂಟ ಹೋಗ್ಬೇಡ. ಅಂವ ಕಾಣ್ತದ ಅಂದ್ರೂ ಸೈ."

ಹಾಗಾದ್ರೆ ಲಾರಿಯವನ ಮಾತಿಗೆ ಬೆಲೆ ಇಲ್ವಾ ಅಂತ ಮಗ ಕೇಳಿದ. ಅಪ್ಪ, "ಅದ ಕನ. 'ಬರಬ್ಯಾಡ' ಅಂದ್ರ ತಕ್ಷಣ ಕೇಳು, ಯೋಚ್ನ ಮಾಡ್ಬ್ಯಾಡ. 'ಬಾ' ಅಂದ್ರ ಎರಡು ಸಲ ನೋಡು" ಅಂದ.

ಈಗ ನಮ್ಮ ಮನೇಲಿ ಇದೇ ಕಾನೂನು. ಮುಂದಿನ ಗಾಡಿಯ ಬಲಗಡೆ ಲೈಟ್ ಹತ್ತಿದ್ರೆ ಅದು ತಿರುಗ್ತದೆ ಅಂತಲೇ ತಿಳಿಯೋದು, ನಿಧಾನ ಮಾಡೋದು. ಎಡಗಡೆ ಹತ್ತಿದ್ರೂ ರೋಡು ಕಾಣೋವರೆಗೆ ಕಾಯೋದು. ದಾಟುವಾಗ ಒಂದು ಸಣ್ಣ ಹಾರ್ನ್, ದಾಟಿದ ಮೇಲೆ ಕೈ ಎತ್ತಿ ಒಂದು ನಮಸ್ಕಾರ. ಇದು ಅವ್ವ ಸೇರಿಸಿದ್ದು. "ಅವ್ನಿಗೂ ಮನ್ಲಿ ಒಬ್ಳು ಕಾಯ್ತಾ ಕೂತಿರ್ತಾಳ" ಅಂದಳು. ನಲವತ್ತು ವರ್ಷ ರಾತ್ರಿ ಲಾರಿ ಸದ್ದಿಗೆ ಕಿವಿ ಕೊಟ್ಟು ಮಲಗಿದವಳು ಅವಳು.

ಮೊನ್ನೆ ತೆರಕಣಾಂಬಿಯಿಂದ ಬರುವಾಗ ಕೋಸು ತುಂಬಿದ ಒಂದು ಲಾರಿ ನಮಗೆ ಎಡಗಡೆ ಲೈಟ್ ಹಾಕಿತು. ಮಗ ಕಾದ. ಎದುರಿಂದ ಒಂದು ಬಸ್ಸು ಬಂತು, ಹೋಯ್ತು. ಆಮೇಲೆ ದಾಟಿದ. ದಾಟುವಾಗ ಗಾಜು ಇಳಿಸಿ ಕೈ ಎತ್ತಿದ. ಲಾರಿ ಡ್ರೈವರ್ ಹಳಬ, ಅವನೂ ಕೈ ಎತ್ತಿದ. ಒಂದು ಕ್ಷಣ ನನಗೆ ಆ ಕೈ ಕಂಡಿತು. ಕಪ್ಪಗಿತ್ತು.